ಕುದುರೆಮುಖದ ಬುಡದಲ್ಲಿ ಮೂರು ರಾತ್ರಿ: ಚಾರಣ ಬೇಡ, ವಿಶ್ರಾಂತಿ ಬೇಕು

ಹೊಳೆಬದಿ:
ಅಕ್ಟೋಬರ್ ಕೊನೆಗೆ ಕಳಸದ ಕಡೆ ಮೂರು ರಾತ್ರಿ ಉಳಿಯುವ ಯೋಚನೆ. ಬೆಟ್ಟ ಹತ್ತುವುದಿಲ್ಲ. ಎಣ್ಣೆಸ್ನಾನ, ಊಟ, ನಿದ್ದೆ, ಅಷ್ಟೇ. ಜೊತೆಗೆ 64 ವರ್ಷದ ಅಮ್ಮ ಇರುತ್ತಾರೆ. ಮಂಡಿನೋವಿದೆ, ಬಿಪಿ ಮಾತ್ರೆ ತಗೊಳ್ತಾರೆ. ಮುಳ್ಳೋಡಿಯ ಹೋಂಸ್ಟೇ ಒಳ್ಳೆಯದೋ, ಸಂಸೆಯ ತೋಟದ ಮನೆಯೋ? ಇಂಬಳದ (ಜಿಗಣೆ) ಕಾಟ ಎಷ್ಟು?

ಘಟ್ಟದಂಚು:
ಮುಳ್ಳೋಡಿ ಬಿಡಿ. 1,894 ಮೀಟರ್ ಎತ್ತರದ ಕುದುರೆಮುಖಕ್ಕೆ ಹತ್ತುವವರಲ್ಲಿ ಬಹಳ ಜನ ತಂಗುವುದು ಅಲ್ಲೇ. ಶನಿವಾರ ಬಂತೆಂದರೆ ಬೆಳಗಿನ ಐದಕ್ಕೇ ಗಲಾಟೆ ಶುರು. ಬಾಳೆಗಲ್ ದಾಟಿದ ಮೇಲೆ ಜೀಪೇ ಗತಿ, ಆ ಕುಲುಕಾಟ ಮಂಡಿಗೆ ಆಗದು. ಮನೆ ಗೊತ್ತುಮಾಡುವಾಗ ಕಿಟಕಿಯ ನೋಟ ಕೇಳಬೇಡಿ, ಇವನ್ನು ಕೇಳಿ: ಕಾರು ಅಂಗಳದವರೆಗೆ ಬರುತ್ತದಾ, ಬಚ್ಚಲು ಕೋಣೆಗೆ ಹೊಂದಿಕೊಂಡಿದೆಯಾ, ಕಮೋಡ್ ಇದೆಯಾ, ಕರೆಂಟ್ ಹೋದರೆ ಏನು ವ್ಯವಸ್ಥೆ. ಭಾನುವಾರ ಹೋಗಿ ಬುಧವಾರ ಹೊರಡಿ. ಮಾತ್ರೆಗಳನ್ನು ಎರಡು ದಿನಕ್ಕೆ ಹೆಚ್ಚಾಗುವಷ್ಟು ಇಟ್ಟುಕೊಳ್ಳಿ.

ಬಚ್ಚಲೊಲೆ:
ಎಣ್ಣೆಸ್ನಾನಕ್ಕೆ ಎಳ್ಳೆಣ್ಣೆ ಒಯ್ಯಿರಿ. ಆ ಹೊತ್ತಿಗೆ ಬೆಳಗಿನ ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ. ಒಬ್ಬರಿಗೆ 60ರಿಂದ 75 ಮಿಲಿ ಸಾಕು. ಒಲೆಯ ಮೇಲೆ ಕಾಯಿಸದೆ ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ. ತಿಂಡಿಗೆ ಮೊದಲೇ ಹಚ್ಚಿ, ಅರ್ಧ ಗಂಟೆ ಬಿಟ್ಟು ಸ್ನಾನ. ಮೈಗೆ ಕಡಲೆಹಿಟ್ಟು. ತಲೆಗೆ ದಾಸವಾಳದ ಸೊಪ್ಪಿನ ಗೊಂಪು: ಹದಿನೈದಿಪ್ಪತ್ತು ಎಲೆ ನೀರಿನಲ್ಲಿ ಕಿವುಚಿ ಬಟ್ಟೆಯಲ್ಲಿ ಸೋಸಿದರಾಯಿತು.

ಎಡವಟ್ಟಾಗುವುದು ಹಂಡೆಯ ಹತ್ತಿರ. ನೀರು ಸುಡುವಷ್ಟು ಕಾದಿರುತ್ತದೆ, ಹಾಯಾಗಿದೆ ಅಂತ ಹೊಯ್ದುಕೊಳ್ಳುತ್ತಲೇ ಇರುತ್ತಾರೆ. ಬಿಸಿಗೆ ರಕ್ತನಾಳ ಹಿಗ್ಗಿ ಬಿಪಿ ಇಳಿಯುತ್ತದೆ, ಮಾತ್ರೆ ತಗೊಳ್ಳುವವರಿಗೆ ಇನ್ನೂ ಬೇಗ. ತಟ್ಟನೆ ಎದ್ದರೆ ಕಣ್ಣು ಕತ್ತಲೆ, ಕಾಲಡಿಗೆ ಎಣ್ಣೆ ಜಿಡ್ಡಿನ ಕಲ್ಲು. ಹಾಗಾಗಿ ಹದವಾಗಿ ಬೆರೆಸಿದ ನೀರು, ಹತ್ತು ನಿಮಿಷ, ಕೂರಲು ಎತ್ತರದ ಸ್ಟೂಲು, ನೆಲಕ್ಕೆ ಒದ್ದೆ ಗೋಣಿಚೀಲ. ಬಾಗಿಲಿಗೆ ಚಿಲಕ ಹಾಕಬಾರದು. ಆಮೇಲೆ ಒಂದು ಲೋಟ ಜೀರಿಗೆ ಕಷಾಯ.

ತೋಟದ_ದಾರಿ:
ಇಂಬಳ ಆಗಲೂ ಇರುತ್ತವೆ, ಜುಲೈನಷ್ಟಲ್ಲ. ಒದ್ದೆ ತರಗೆಲೆ, ಹುಲ್ಲಂಚಿನ ಕಾಲುದಾರಿಯೇ ಅವುಗಳ ಜಾಗ. ಕೊಬ್ಬರಿ ಎಣ್ಣೆಗೆ ಹೊಗೆಸೊಪ್ಪಿನ ಪುಡಿ, ಸುಣ್ಣ ಕಲಸಿ ಗಂಬೂಟಿನ ಹೊರಗೆ ಬಳಿಯಿರಿ, ಚರ್ಮಕ್ಕಲ್ಲ. ಕಚ್ಚಿದರೆ ಎಳೆಯಬೇಡಿ. ಉಗುರನ್ನು ಚರ್ಮಕ್ಕೆ ಒರಗಿಸಿ ಬಾಯಿಯ ಪಕ್ಕದಿಂದ ಮೆಲ್ಲಗೆ ಸರಿಸಿದರೆ ಬಿಡುತ್ತದೆ. ಉಪ್ಪು, ಬೆಂಕಿಕಡ್ಡಿ ಪ್ರಯೋಗದಿಂದ ಅದು ಹೊಟ್ಟೆಯಲ್ಲಿದ್ದುದನ್ನು ಗಾಯಕ್ಕೇ ಕಕ್ಕಬಹುದು.

ಹೊಳೆಬದಿ:
ಅಮ್ಮನಿಗೆ ಆಸ್ಪಿರಿನ್ ಕೂಡ ಇದೆ. ತೊಂದರೆ ಆಗುತ್ತಾ?

ತೋಟದ_ದಾರಿ:
ರಕ್ತ ನಿಲ್ಲುವುದು ತಡ ಆಗುತ್ತದೆ. ಇಂಬಳದ ಜೊಲ್ಲೇ ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಮೇಲೆ ಆಸ್ಪಿರಿನ್. ಸೋಪುನೀರಿನಲ್ಲಿ ತೊಳೆದು ಹತ್ತಿಯನ್ನು ಹತ್ತು ನಿಮಿಷ ಒತ್ತಿಹಿಡಿಯಿರಿ, ನಡುವೆ ಎತ್ತಿ ನೋಡಬೇಡಿ. ಆಮೇಲೆ ಬಿಗಿಯಾಗಿ ಪಟ್ಟಿ. ಅದಕ್ಕೂ ಜಗ್ಗದೆ ಸುರಿಯುತ್ತಿದ್ದರೆ ಕಳಸದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಮ್ಮ ಅಂಗಳ, ಡಾಂಬರು ರಸ್ತೆಯಲ್ಲೇ ಓಡಾಡಲಿ. ಹಾಗೇ ಹೋಂಸ್ಟೇಯವರಿಗೆ ಹಿಂದಿನ ರಾತ್ರಿಯೇ ಹೇಳಿಡಿ: ಸ್ನಾನದ ದಿನ ಕೋಳಿಸಾರು ಬೇಡ, ಗಂಜಿ, ತಂಬುಳಿ ಸಾಕು ಅಂತ. ಇಲ್ಲದಿದ್ದರೆ ಮಲೆನಾಡಿನವರು ಬಡಿಸುವುದನ್ನು ನಿಲ್ಲಿಸುವುದಿಲ್ಲ.