ಡಿಗ್ರಿ ಮಕ್ಕಳಿಗೆ ‘ಲೆ ಸಿದ್’ ನಾಟಕ ಎಲ್ಲಿಂದ ಶುರು ಮಾಡ್ಲಿ?

ವಿರಾಜಪೇಟೆ_ಮೇಷ್ಟ್ರು:
ಎಲ್ರಿಗೂ ನಮಸ್ಕಾರ. ಇಲ್ಲೇ ಒಂದು ಡಿಗ್ರಿ ಕಾಲೇಜಲ್ಲಿ ಲಿಟರೇಚರ್ ಪಾಠ ಮಾಡ್ತೀನಿ, ಈ ಸಲ ಫ್ರೆಂಚ್ ನಾಟಕಕಾರ ಕಾರ್ನೇಯ್ ಬರೆದ ‘ಲೆ ಸಿದ್’ ತಗೊಂಡಿದೀನಿ, 1637ರಲ್ಲಿ ಪ್ಯಾರಿಸ್‌ನಲ್ಲಿ ಮೊದಲು ಆಡಿದ್ದು. ಮಕ್ಳಲ್ಲಿ ಮಿಲಿಟರಿ ಮನೆಯವರು ಜಾಸ್ತಿ, ಕಾರ್ಯಪ್ಪ ತಿಮ್ಮಯ್ಯ ಅಂತ ಕೇಳ್ಕೊಂಡೇ ಬೆಳೆದವರು, ಹಂಗಾಗಿ ಯುದ್ಧದಲ್ಲಿ ಶೌರ್ಯ ಅಂದ್ರೆ ಬಿಡಿಸಿ ಹೇಳ್ಬೇಕಿಲ್ಲ. ಆದ್ರೆ ಅಪ್ಪನ ಮರ್ಯಾದೆಗೋಸ್ಕರ ಪ್ರೀತಿಸೋ ಹುಡುಗಿಯ ಅಪ್ಪನ್ನೇ ಕೊಲ್ಲೋನನ್ನ ಹೀರೋ ಅಂತ ಕ್ಲಾಸಲ್ಲಿ ಹೇಗೆ ನಿಲ್ಸೋದು?

ಕಾಫಿತೋಟ_ಓದುಗ:
ಹೀರೋ ಅಂತ ಮೊದಲೇ ಹೇಳ್ಬೇಡಿ ಸರ್, ಕಪಾಳಕ್ಕೆ ಬಿದ್ದ ಆ ಏಟಿಂದ ಶುರು ಮಾಡಿ. ರಾಜಕುಮಾರನಿಗೆ ಗುರು ಆಗೋ ಹುದ್ದೆ ಮುದುಕ ಡಾನ್ ದಿಯೆಗ್‌ಗೆ ಸಿಕ್ತು, ರೊದ್ರಿಗ್ ಪ್ರೀತಿಸೋ ಶಿಮೆನ್‌ಳ ಅಪ್ಪ ಕೌಂಟ್‌ಗೆ ಹೊಟ್ಟೆಕಿಚ್ಚು, ಮಾತಿಗೆ ಮಾತು ಬೆಳೆದು ಹೊಡೆದೇಬಿಟ್ಟ. ಮುದುಕ ಕತ್ತಿ ಹಿರಿದ್ರೂ ಕೈಯಲ್ಲಿ ತ್ರಾಣ ಇಲ್ಲ, ಅದೇ ಕತ್ತಿನ ಮಗ ರೊದ್ರಿಗ್ ಕೈಗೆ ಕೊಡ್ತಾನೆ. ಕೊಡವರ ಆಯುಧ ಪೂಜೆ ಹಬ್ಬ ಕೈಲ್ ಮುಹೂರ್ತದ ದಿನ ತೋಕ್ ಪೂ ಅನ್ನೋ ಹೂವಿಟ್ಟು ಪೂಜೆ ಮಾಡಿದ ಕೋವಿನ ಮನೆ ಹಿರಿಯರ ಕೈಯಿಂದ ತಗೊಂಡ ಮಕ್ಳಿಗೆ ಆ ಸೀನ್‌ನ ಭಾರ ಗೊತ್ತಾಗೇ ಆಗುತ್ತೆ. ಆಮೇಲೆ ರೊದ್ರಿಗ್ ಒಬ್ನೇ ನಿಂತು ಮಾತಾಡೋ ಭಾಗ ಗಟ್ಟಿಯಾಗಿ ಓದ್ಸಿ, ಆರು ಪದ್ಯ ಇದೆ, ಫ್ರೆಂಚಲ್ಲಿ ಆರೂ ಮುಗಿಯೋದು ಶಿಮೆನ್ ಅನ್ನೋ ಹೆಸರಲ್ಲೇ. ಏನೇ ಯೋಚ್ನೆ ಮಾಡ್ಲಿ, ಬಂದು ನಿಲ್ಲೋದು ಅವಳ ಹತ್ರಾನೇ.

ಗೋಣಿಕೊಪ್ಪ_ಅಕ್ಕ:
ನನ್ನ ಪ್ರಕಾರ ನಾಟಕದ ನಿಜವಾದ ಧೈರ್ಯ ಶಿಮೆನ್‌ದು. ಮೂರನೇ ಅಂಕ ನೋಡಿ, ರೊದ್ರಿಗ್ ಅವಳಪ್ಪನ ರಕ್ತ ಹತ್ತಿರೋ ಕತ್ತಿ ಹಿಡ್ಕೊಂಡು ಅವಳ ಮನೆಗೇ ಬಂದು ನನ್ನನ್ನ ಕೊಲ್ಲು ಅಂತಾನೆ, ಅವಳು ನಿನ್ನ ಮೇಲೆ ದ್ವೇಷ ಇಲ್ಲ ಅಂತಾಳೆ, ಹಂಗಂತ ರಾಜನ ಹತ್ರ ನ್ಯಾಯ ಕೇಳೋದನ್ನ ಬಿಡಲ್ಲ. ಆಗಿನ ಫ್ರೆಂಚ್ ಪಂಡಿತರಿಗೆ ಇದೇ ತಡ್ಕೊಳ್ಳೋಕಾಗ್ಲಿಲ್ಲ, ಅಪ್ಪನ್ನ ಕೊಂದೋನನ್ನ ಪ್ರೀತಿಸೋಳು ಎಂಥ ಮಗಳು ಅಂತ ಸ್ಕುಡೇರಿ ಅನ್ನೋ ಇನ್ನೊಬ್ಬ ನಾಟಕಕಾರ ಬರೆದ, ಜಗಳ ಫ್ರೆಂಚ್ ಅಕಾಡೆಮಿವರೆಗೂ ಹೋಯ್ತು. ಕೊನೆಗೂ ರಾಜ ಮದುವೆಗೆ ಒಂದು ವರ್ಷ ಟೈಮ್ ಕೊಡ್ತಾನೆ ಅಷ್ಟೇ, ಅವಳು ಬಾಯ್ಬಿಟ್ಟು ಹೂಂ ಅನ್ನಲ್ಲ. ದಯವಿಟ್ಟು ಹುಡ್ಗೀರ ಕೈಲಿ ಮಾತಾಡ್ಸಿ ಸರ್, ಬರೀ ರೊದ್ರಿಗ್ ಕಥೆ ಮಾಡ್ಬೇಡಿ.

ಮಳೆಗಾಲ_ಮಡಿಕೇರಿ:
ಇನ್ನೊಂದು ವಿಷ್ಯ ಬಿಡ್ಬೇಡಿ, ಆ ಕಾಲಕ್ಕೆ ಫ್ರಾನ್ಸಲ್ಲಿ ಡ್ಯುಯೆಲ್, ಅಂದ್ರೆ ಮರ್ಯಾದೆಗೋಸ್ಕರ ಇಬ್ರು ಕತ್ತಿ ಹಿಡಿದು ಕಾದಾಡೋದು, ನಿಷೇಧ ಆಗಿತ್ತು. 1626ರಲ್ಲಿ ಕಟ್ಟುನಿಟ್ಟಿನ ಕಾನೂನು ಬಂತು, ಮಾರನೇ ವರ್ಷವೇ ಅದನ್ನ ಮುರಿದ ಬೂತ್‌ವಿಲ್ ಅನ್ನೋ ದೊಡ್ಡ ಮನೆತನದವನ ತಲೆ ತೆಗೆಸಿದ್ರು. ಆ ನೆನಪಿದ್ದ ಜನ ಈ ನಾಟಕ ನೋಡಿದ್ದು. ಅದಕ್ಕೇ ರೊದ್ರಿಗ್ ಕೌಂಟ್‌ನ ಕೊಂದಿದ್ದಕ್ಕೂ, ಆಮೇಲೆ ದಾಳಿಗೆ ಬಂದ ಮೂರ್ ಜನರ (ಉತ್ತರ ಆಫ್ರಿಕಾ ಕಡೆಯ ಮುಸ್ಲಿಮರು) ಸೈನ್ಯನ ತಡೆದಿದ್ದಕ್ಕೂ ವ್ಯತ್ಯಾಸ ಏನು ಅಂತ ಮಕ್ಳನ್ನ ಕೇಳಿ, ಒಂದು ಮನೆ ಮರ್ಯಾದೆಗೆ, ಇನ್ನೊಂದು ರಾಜ್ಯಕ್ಕೆ, ಮತ್ತೆ ರಾಜ ಎರಡನೇದನ್ನ ನೋಡಿ ಮೊದಲನೇದನ್ನ ಮಾಫಿ ಮಾಡ್ತಾನೆ, ಅದು ಸರೀನಾ? ಮಿಲಿಟರಿ ಮನೆ ಮಕ್ಳು ಇದಕ್ಕೆ ಸುಮ್ನೆ ಕೂರಲ್ಲ.

ವಿರಾಜಪೇಟೆ_ಮೇಷ್ಟ್ರು:
ತುಂಬಾ ಥ್ಯಾಂಕ್ಸ್. ಮೊದಲ ಕ್ಲಾಸಲ್ಲಿ ಏಟಿಂದ ಆರು ಪದ್ಯದವರೆಗೆ ಓದ್ಸಿ, ರೊದ್ರಿಗ್ ಏನು ಮಾಡ್ಬೇಕು ಅಂತ ಬರೆಸ್ತೀನಿ, ಮುಂದಿನ ಕಥೆ ಹೇಳಲ್ಲ. ಶಿಮೆನ್ ಸೀನ್‌ಗೆ ಪೂರ್ತಿ ಒಂದು ಪೀರಿಯಡ್ ಇಡ್ತೀನಿ ಅಕ್ಕ.