ಮಾರ್ಕ 1:41: ಯೇಸು ಕನಿಕರಪಟ್ಟದ್ದೋ, ಸಿಟ್ಟಾದದ್ದೋ?

ಪ್ರಶ್ನೆ (ಪಾಠಾಂತರ)
ಯೇಸು ‘ಕನಿಕರಪಟ್ಟು’ ಕುಷ್ಠರೋಗಿಯನ್ನು ಮುಟ್ಟಿದನೆಂದು ಕನ್ನಡ ಬೈಬಲಿನಲ್ಲಿದೆ. 2011ರ ಇಂಗ್ಲಿಷ್ ಬೈಬಲ್ ಅನುವಾದ ಎನ್‌ಐವಿಯಲ್ಲಿ ಸಿಟ್ಟಾದನೆಂಬ ಅರ್ಥವಿದೆ. ಗ್ರೀಕ್ ಹೊಸ ಒಡಂಬಡಿಕೆಯ ವಿಮರ್ಶಾತ್ಮಕ ಆವೃತ್ತಿ ನೆಸ್ಲೆ-ಆಲಂಡ್ 28ರಲ್ಲಿ ಮೇಲಿನ ಮೂಲಪಾಠದಲ್ಲಿ ‘ಸ್ಪ್ಲಾಂಖ್ನಿಸ್ಥೇಯಿಸ್’ (ಕನಿಕರ), ಕೆಳಗಿನ ಟಿಪ್ಪಣಿಯಲ್ಲಿ ‘ಒರ್ಗಿಸ್ಥೇಯಿಸ್’ (ಸಿಟ್ಟು); ಅದರ ಪಕ್ಕ ಡಿ, ಎ, ಎಫ್‌ಎಫ್2, ಆರ್1. ಎಂ.ಟಿಎಚ್. (ದೇವತಾಶಾಸ್ತ್ರ ಸ್ನಾತಕೋತ್ತರ) ಪ್ರಬಂಧದಲ್ಲಿ ಇದಕ್ಕೆ ನಾಲ್ಕು ಪುಟ ಇಟ್ಟಿದ್ದೇನೆ. ‘ಕ್ಲಿಷ್ಟಪಾಠವೇ ಮೂಲ’ (ಲಿಪಿಕಾರರು ಕಷ್ಟದ ಪದವನ್ನು ಸುಲಭ ಮಾಡುತ್ತಾರೆ, ಹಾಗಾಗಿ ಕಷ್ಟದ್ದೇ ಮೊದಲಿನದು) ಎಂದು ಬರೆದರೆ ಸಾಕೇ?

ಉತ್ತರ 1 (ಓಲೆಗರಿ)
ಸಾಲದು. ಮೊದಲು ಆ ಗುರುತುಗಳು ಯಾವುವೆಂದು ಬಿಡಿಸಿ ಬರೆಯಿರಿ. ದೊಡ್ಡಕ್ಷರದ ಡಿ ಗ್ರೀಕ್ ಹಸ್ತಪ್ರತಿ, ಬೆಜಾ ಕೋಡೆಕ್ಸ್. ಸಣ್ಣಕ್ಷರದವು ಹಳೆಯ ಲ್ಯಾಟಿನ್ ಅನುವಾದದ ಪ್ರತಿಗಳು. ಅಂದರೆ ಟಿಪ್ಪಣಿಯಲ್ಲಿ ‘ಸಿಟ್ಟಿ’ಗೆ ಇರುವ ಗ್ರೀಕ್ ಸಾಕ್ಷಿ ಒಂದೇ. 4ನೇ ಶತಮಾನದ ಗ್ರೀಕ್ ಹಸ್ತಪ್ರತಿಗಳಾದ ಸಿನೈಟಿಕಸ್, ವ್ಯಾಟಿಕಾನಸ್ ಎರಡೂ ‘ಕನಿಕರ’ದ ಕಡೆ.

ಇಲ್ಲಿ ಹಲವರು ಎಡವುತ್ತಾರೆ: ಹಸ್ತಪ್ರತಿಗಳ ಪಟ್ಟಿಯ ಸಂಖ್ಯೆಯಲ್ಲಿ ಸುವಾರ್ತೆಗಳ ಡಿ ಎಂದರೆ 05, ಪೌಲನ ಪತ್ರಿಕೆಗಳ ಡಿ ಎಂದರೆ 06. ಅವು ಬೇರೆ ಬೇರೆ ಪ್ರತಿಗಳು. ಸಂಖ್ಯೆಯನ್ನೂ ಸೇರಿಸಿ ಬರೆಯಿರಿ.

ಬೆಜಾ ಪ್ರತಿ 1581ರಿಂದ ಕೇಂಬ್ರಿಜ್‌ನಲ್ಲಿದೆ, ಚಿತ್ರಗಳು ಆ ವಿಶ್ವವಿದ್ಯಾಲಯದ ಡಿಜಿಟಲ್ ಗ್ರಂಥಾಲಯದಲ್ಲಿ ಸಿಗುತ್ತವೆ. ಎಡಪುಟ ಗ್ರೀಕ್, ಬಲಪುಟ ಲ್ಯಾಟಿನ್. ಅದರಲ್ಲಿ ಸುವಾರ್ತೆಗಳ ಕ್ರಮ ಮತ್ತಾಯ, ಯೋಹಾನ, ಲೂಕ, ಮಾರ್ಕ. ಮತ್ತಾಯ ಮುಗಿದ ಕೂಡಲೇ ಮಾರ್ಕನನ್ನು ಹುಡುಕಿದರೆ ಸಿಗುವುದಿಲ್ಲ. ಬಲಪುಟದಲ್ಲಿ ‘ಇರಾಟುಸ್’ (ಸಿಟ್ಟಾಗಿ) ಎಂದಿರುವುದನ್ನೂ ನೋಡಿ. ಗ್ರೀಕ್ ಪಾಠವೇ ಲ್ಯಾಟಿನ್ನಿನಿಂದ ಬಂದಿರಬಹುದೇ ಎಂಬ ಪ್ರಶ್ನೆಗೆ ನೀವು ಉತ್ತರಿಸಲೇಬೇಕು.

ಉತ್ತರ 2 (ಸಮಾಂತರ)
ನಿಜವಾದ ತೂಕ ಇರುವುದು ಮತ್ತಾಯ 8:3, ಲೂಕ 5:13ರಲ್ಲಿ. ಇದೇ ಘಟನೆಯನ್ನು ಮಾರ್ಕನ ಸುವಾರ್ತೆ ನೋಡಿ ಬರೆದ ಇಬ್ಬರೂ ಅವನ ಮಾತನ್ನು ಬಹುತೇಕ ಪದಕ್ಕೆ ಪದ ಉಳಿಸಿಕೊಂಡು, ಈ ಒಂದು ಪದವನ್ನು ಮಾತ್ರ ಬಿಟ್ಟಿದ್ದಾರೆ. ಮಾರ್ಕ 6:34, 8:2ರ ಕನಿಕರವನ್ನು ಮತ್ತಾಯ ಉಳಿಸಿಕೊಂಡಿದ್ದಾನೆ (14:14, 15:32). 3:5ರ ಕೋಪವನ್ನೂ 10:14ರ ಬೇಸರವನ್ನೂ ಬಿಟ್ಟಿದ್ದಾನೆ. ಹಾಗಿದ್ದರೆ ಅವನ ಮುಂದಿದ್ದ ಪ್ರತಿಯಲ್ಲಿ ‘ಸಿಟ್ಟು’ ಇತ್ತೇ? ನನಗೆ ಇದು ಕ್ಲಿಷ್ಟಪಾಠದ ಸೂತ್ರಕ್ಕಿಂತ ಬಲವಾದ ವಾದ.

ಎದುರುವಾದವನ್ನೂ ಪೂರ್ತಿ ಕೊಡಿ. 3:5, 10:14ರಲ್ಲಿ ಲಿಪಿಕಾರರು ಯೇಸುವಿನ ಕೋಪವನ್ನು ತಿದ್ದಲು ಹೋಗಲಿಲ್ಲ. ಇಲ್ಲಿ ಮಾತ್ರ ಏಕೆ ತಿದ್ದಿಯಾರು? 1:43ರ ‘ಎಂಬ್ರಿಮೆಸಾಮೆನೊಸ್’ (ಗದರಿಸಿ) ಎರಡೂ ಕಡೆ ವಾಲುತ್ತದೆ: ಸಿಟ್ಟಿನ ಮುಂದುವರಿಕೆ ಎನ್ನಬಹುದು, ಅದನ್ನು ನೋಡಿಯೇ ಯಾರೋ 41ರಲ್ಲಿ ಸಿಟ್ಟು ತಂದರು ಎಂದೂ ಹೇಳಬಹುದು.

ಉತ್ತರ 3 (ಓಲೆಗರಿ)
ಒಂದು ಸೇರ್ಪಡೆ. ‘ನೆಸ್ಲೆ-ಆಲಂಡ್ 28 ಹೊಸದಾಗಿ ಕನಿಕರವನ್ನು ಆರಿಸಿತು’ ಎಂದು ಬರೆಯಬೇಡಿ. 28ರಲ್ಲಿ ಮೂಲಪಾಠ ಬದಲಾದದ್ದು ಯಾಕೋಬನಿಂದ ಯೂದನವರೆಗಿನ ಪತ್ರಿಕೆಗಳಲ್ಲಿ ಮಾತ್ರ. ಸುವಾರ್ತೆಗಳ ಪಾಠ 27ರದ್ದೇ. 2010ರ ಎಸ್‌ಬಿಎಲ್ (ಬೈಬಲ್ ಸಾಹಿತ್ಯ ವಿದ್ವಾಂಸರ ಸಂಘ) ಗ್ರೀಕ್ ಹೊಸ ಒಡಂಬಡಿಕೆ ‘ಒರ್ಗಿಸ್ಥೇಯಿಸ್’ ಅನ್ನೇ ಮೇಲೆ ಇಟ್ಟಿದೆ, ಅದನ್ನು ಹೆಸರಿಸಿ. ಮಾರ್ಕನ ದೊಡ್ಡ ವಿಮರ್ಶಾತ್ಮಕ ಆವೃತ್ತಿ (ಇಸಿಎಂ) 2021ರಲ್ಲಿ ಬಂದಿದೆ. ಅದನ್ನು ತೆರೆಯದೆ ಆ ನಾಲ್ಕು ಪುಟ ಒಪ್ಪಿಸಬೇಡಿ.