ಪದಚರ್ಚೆ: ಬ್ಯಾಸ್ಕೆಟ್‌ಬಾಲಿನ ‘ಶಾಟ್ ಸೆಲೆಕ್ಷನ್’ ಆಯ್ಕೆಯೋ, ವಿವೇಚನೆಯೋ, ಹದವೋ?

ಪ್ರಶ್ನೆ, ಶಿರಸಿಯಿಂದ

ಕಾಲೇಜಿನ ಭಿತ್ತಿಪತ್ರಿಕೆಗೆ ಬಂದ ಅಂತರಕಾಲೇಜು ಬ್ಯಾಸ್ಕೆಟ್‌ಬಾಲ್ ವರದಿಯ ಕರಡಿನಲ್ಲಿ ಹೀಗೊಂದು ವಾಕ್ಯವಿದೆ: ‘ತಂಡದಲ್ಲಿ ಪ್ರತಿಭೆ ಹೇರಳವಾಗಿದೆ, ಆದರೆ ತಾರಾ ರಕ್ಷಕನ ಹೊಡೆತಗಳ ಆಯ್ಕೆ ಸರಿಯಿರಲಿಲ್ಲ.’ ಓದಿದರೆ ಅರ್ಧ ಕ್ರಿಕೆಟ್, ಅರ್ಧ ಫುಟ್‌ಬಾಲ್ ಎನಿಸುತ್ತದೆ. ‘ಟ್ಯಾಲೆಂಟ್’, ‘ಗಾರ್ಡ್’, ‘ಶಾಟ್ ಸೆಲೆಕ್ಷನ್’ ಮೂರಕ್ಕೂ ಆಟ ಬಲ್ಲವರು ಒಪ್ಪುವ ಮಾತು ಯಾವುದು? ತಿಳಿದವರು ದಯವಿಟ್ಟು ಹೇಳಿ.

ಉತ್ತರ, ಕಾರವಾರದಿಂದ

ಗಾರ್ಡ್ ಎಂಬುದನ್ನು ಹಾಗೆಯೇ ಬಿಡಿ. 1891ರಲ್ಲಿ ಜೇಮ್ಸ್ ನೈಸ್ಮಿತ್ ಈ ಆಟ ಹುಟ್ಟುಹಾಕಿದಾಗ ಒಂದೊಂದು ಕಡೆಗೆ ಒಂಬತ್ತು ಮಂದಿ. ಆಗ ಗಾರ್ಡ್ ಎಂದರೆ ತನ್ನ ಬುಟ್ಟಿಯ ಬಳಿ ನಿಂತು ಎದುರಾಳಿಯನ್ನು ತಡೆಯುವವನೇ. ಈಗಿನ ಗಾರ್ಡ್ ಚೆಂಡು ಪುಟಿಸುತ್ತ ಮುಂದೆ ತರುವವ, ಹಂಚುವವ, ದೂರದಿಂದ ಎಸೆಯುವವ. ‘ರಕ್ಷಕ’ ಎಂದರೆ ಓದುಗರ ಕಣ್ಣು ಅಂಗಳದ ತಪ್ಪು ತುದಿಗೆ ಹೋಗುತ್ತದೆ.

‘ಹೊಡೆತ’ವೂ ಬೇಡ, ಇಲ್ಲಿ ಚೆಂಡನ್ನು ಯಾರೂ ಹೊಡೆಯುವುದಿಲ್ಲ. ‘ಎಸೆತ’ ಎನ್ನಿ. ಕ್ರಿಕೆಟ್ ವರದಿಯಲ್ಲಿ ಎಸೆತ ಬೌಲರನದು, ನಿಜ. ಬುಟ್ಟಿಯ ಮಾತು ಒಮ್ಮೆ ಬಂದರೆ ಗೊಂದಲವಾಗದು. ಜೊತೆಯವನಿಗೆ ಕೊಡುವುದು ‘ಪಾಸ್’ ಆಗಿಯೇ ಇರಲಿ.

ತೊಡಕಿರುವುದು ‘ಆಯ್ಕೆ’ಯಲ್ಲಿ. ಕ್ರಿಕೆಟ್ಟಿನಲ್ಲಿ ಚೆಂಡು ಬಂದೇ ಬರುತ್ತದೆ. ಡ್ರೈವೋ ಕಟ್ಟೋ ಸ್ವೀಪೋ ಎಂದು ಬ್ಯಾಟರ್ ಆರಿಸಬೇಕು, ಹಾಗಾಗಿ ‘ಹೊಡೆತದ ಆಯ್ಕೆ’ ಅಲ್ಲಿಗೆ ಸರಿ. ಬ್ಯಾಸ್ಕೆಟ್‌ಬಾಲಿನಲ್ಲಿ ಮೊದಲು ಕೇಳಿಕೊಳ್ಳಬೇಕಾದ್ದು ಈಗ ಎಸೆಯಬೇಕೋ ಬೇಡವೋ ಎಂದು. ಚೆಂಡು ಕೈಗೆ ಬಂದ ತಂಡಕ್ಕೆ ಎಸೆಯಲು ಸಿಗುವ 24 ಸೆಕೆಂಡಿನಲ್ಲಿ ಎಷ್ಟು ಉಳಿದಿದೆ, ತಡೆಯುವವನ ಕೈ ಎಷ್ಟು ಹತ್ತಿರ, ತನ್ನ ಕಾಲು ನೆಲೆ ನಿಂತಿದೆಯೇ, ಜೊತೆಯವನೊಬ್ಬ ತಡೆಯಿಲ್ಲದೆ ನಿಂತಿದ್ದಾನೆಯೇ, ತಪ್ಪಿದರೆ ಮರಳಿ ಚಿಮ್ಮುವ ಚೆಂಡು (ರಿಬೌಂಡ್) ಹಿಡಿಯಲು ಬುಟ್ಟಿಯಡಿ ನಮ್ಮವರಿದ್ದಾರೆಯೇ. ಇನ್ನೂ 18 ಸೆಕೆಂಡು ಇರುವಾಗಲೇ ಇಬ್ಬರ ನಡುವಿನಿಂದ ಹಾರಿ ದೂರದಿಂದ ಎಸೆದನೆನ್ನಿ. ದೂರದ ಎಸೆತ ತಪ್ಪಿದರೆ ಚೆಂಡು ರಿಂಗಿಗೆ ಬಡಿದು ದೂರವೇ ಚಿಮ್ಮುತ್ತದೆ. ನಮ್ಮವರು ಇನ್ನೂ ಜಾಗ ಹಿಡಿದಿರುವುದಿಲ್ಲ, ಎದುರಾಳಿ ಅದನ್ನೆತ್ತಿಕೊಂಡು ಓಡಿ ಸುಲಭದ ಎರಡಂಕ ಗಳಿಸುತ್ತಾನೆ.

ಕೈಚಳಕ ಬೇರೆ, ಈ ತೀರ್ಮಾನ ಬೇರೆ. ಮೂರಂಕದ ಗೆರೆ ಬುಟ್ಟಿಯಿಂದ 6.75 ಮೀಟರ್ ದೂರ; ಅದರಾಚೆಯಿಂದ ಎಸೆದು ಬಿದ್ದರೆ ಮೂರಂಕ, ಒಳಗಿನಿಂದಾದರೆ ಎರಡು. ಗೆರೆಯ ಒಂದು ಹೆಜ್ಜೆ ಒಳಗಿನಿಂದ 20 ಎಸೆದು 8 ಬಿದ್ದವು ಎಂದಿಟ್ಟುಕೊಳ್ಳಿ: 16 ಅಂಕ, ಎಸೆತಕ್ಕೆ 0.8. ಅದೇ ಹೆಜ್ಜೆ ಹಿಂದೆ ಸರಿದು 20ಕ್ಕೆ 7 ಬಿದ್ದರೂ 21 ಅಂಕ, ಎಸೆತಕ್ಕೆ 1.05. ಓಡಿಬಂದು ಬುಟ್ಟಿಯ ಹತ್ತಿರದಿಂದಲೇ ಹಾಕುವ ಲೇ-ಅಪ್ 20ಕ್ಕೆ 11 ಬಿದ್ದರೆ 22 ಅಂಕ. ಗೆರೆ ತುಳಿದು ಎಸೆದದ್ದು ಎರಡಂಕದ್ದೇ. ಒಳ್ಳೆಯ ಕೈಯಿರುವ ಗಾರ್ಡುಗಳೇ ಆ ಒಂದು ಹೆಜ್ಜೆ ಒಳಗಿನ ಎಸೆತದಲ್ಲಿ ತಂಡದ ಅಂಕ ಕಳೆಯುತ್ತಾರೆ. ಆದ್ದರಿಂದ ‘ಎಸೆತದ ವಿವೇಚನೆ’ ನನ್ನ ಮತ.

ಇನ್ನೊಂದು ಉತ್ತರ, ಶಿರಸಿ ಕಡೆಯಿಂದ

ವಿವೇಚನೆ ಸರಿಯಾದ ಪದ, ಆದರೆ ಅಂಗಳದ ಅಂಚಿನಲ್ಲಿ ನಿಂತು ಕೂಗುವ ಮಾತಲ್ಲ. ನಮ್ಮಲ್ಲಿ ‘ಹದ’ ಇದೆ. ಹಸಿರಡಿಕೆ ಸುಲಿದು ಬೇಯಿಸಿ ಮಾಡುವ ಕೆಂಪಡಿಕೆಗೆ ಕೊನೆ (ಅಡಿಕೆ ಗೊಂಚಲು) ಕೊಯ್ಯುವಾಗ ಒಂದೇ ಮರದ ಕೊನೆಗಳೆಲ್ಲ ಒಟ್ಟಿಗೆ ಹದಕ್ಕೆ ಬರುವುದಿಲ್ಲ. ತೀರ ಎಳೆಯದಾದರೆ ತೂಕ ಬಾರದು, ಬಲಿತು ಹಣ್ಣಾದರೆ ಒಣಗಿಸಿ ಸುಲಿಯುವ ಚಾಲಿಗೇ ಹೋಗಬೇಕು. ಮರವೇರಿ ಕೊನೆ ಕೊಯ್ಯುವ ಕೊನೆಗೌಡ ಹದ ಬಂದದ್ದನ್ನು ಇಳಿಸಿ ಉಳಿದದ್ದನ್ನು ಮರದಲ್ಲೇ ಬಿಡುತ್ತಾನೆ. ಹಾಗೆ ಬಿಡಲು ಬಲ್ಲವನೇ ಹದ ಬಲ್ಲವನು. ಒಳ್ಳೆಯ ಗಾರ್ಡ್ ಮಾಡುವುದೂ ಇದನ್ನೇ. ‘ಹದದ ಎಸೆತ’, ‘ಹದ ನೋಡಿ ಎಸಿ’ ಎಂದರೆ ಯಾವ ಹುಡುಗನಿಗೂ ತಿಳಿಯುತ್ತದೆ.

ಮರುಪ್ರಶ್ನೆ, ಶಿರಸಿಯಿಂದ

‘ಅವನ ಎಸೆತದ ಹದ ಕೆಟ್ಟಿದೆ’ ಎಂದರೆ ಮೊಣಕೈ ಹೊರಗೆ ಹೋಗಿದೆ, ಮಣಿಕಟ್ಟು ಮಡಿಯುತ್ತಿಲ್ಲ ಎಂದು, ಅಂದರೆ ಎಸೆಯುವ ವರಸೆಯೇ ಕೆಟ್ಟಿದೆ ಎಂದು ಅರ್ಥವಾಗುವುದಿಲ್ಲವೇ?

ಉತ್ತರ, ಕಾರವಾರದಿಂದ

ಆಗುತ್ತದೆ, ನಿಮ್ಮ ಆಕ್ಷೇಪ ಸರಿ. ಹಾಗಾಗಿ ‘ಎಸೆತದ ಹದ’ ಎಂಬ ನಾಮಪದ ಬೇಡ; ‘ಹದ ನೋಡು’ ಎಂಬ ಕ್ರಿಯಾರೂಪ ಇರಲಿ. ತಲೆಬರಹಕ್ಕೆ, ಅಂಕಪಟ್ಟಿಯ ಟಿಪ್ಪಣಿಗೆ ‘ಎಸೆತದ ವಿವೇಚನೆ’. ವರಸೆ ಕೆಟ್ಟಿದ್ದರೆ ‘ವರಸೆ’ ಎಂದೇ ಬರೆಯಿರಿ, ಎರಡನ್ನು ಕಲಸಿದರೆ ಅಭ್ಯಾಸದಲ್ಲಿ ಏನು ತಿದ್ದಬೇಕೆಂಬುದೇ ತಪ್ಪಿಹೋಗುತ್ತದೆ.

‘ಪ್ರತಿಭೆ ಹೇರಳ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಎತ್ತರವೇ, ಓಟವೇ, ಬೆಂಚಿನಿಂದ ಇಳಿಯುವವರೂ ಸಮರ್ಥರೇ? ಅದನ್ನೇ ಹೇಳಿ. ಒಟ್ಟಾರೆ ಮಾತಿಗೆ ‘ತಂಡ ಗಟ್ಟಿಯಿದೆ’ ಸಾಕು. ಯಕ್ಷಗಾನದ ಮೇಳಕ್ಕೂ ಹಾಗೆಯೇ ಅನ್ನುತ್ತಾರಲ್ಲ.

ನಿಮ್ಮ ವಾಕ್ಯ ಹೀಗಾಗಬಹುದು: ‘ತಂಡ ಗಟ್ಟಿಯಿದೆ, ಬೆಂಚಿನಲ್ಲಿ ಕುಳಿತವರೂ ಆಡಬಲ್ಲರು. ಮುಖ್ಯ ಗಾರ್ಡಿನ ಕೈ ಚೆನ್ನಾಗಿದೆ; ಹದ ನೋಡದೆ ಎಸೆದದ್ದರಿಂದ ಅಂಕ ಕೈತಪ್ಪಿದವು.’